ಮನೆಗೂ ವರ್ಕ್‌ಶಾಪ್‌ಗೂ ಒಂದೇ ಕಾರ್ಡ್‌ಲೆಸ್ ಡ್ರಿಲ್: ಯಾವುದನ್ನು ನೋಡಿ ತಗೊಳ್ಳಬೇಕು?

ಹೊಸಕೈ

ಎಲ್ಲರಿಗೂ ನಮಸ್ಕಾರ. ಕಾರ್ಡ್‌ಲೆಸ್ ಡ್ರಿಲ್ ಒಂದು ತಗೊಳ್ಳೋಣ ಅಂತ ಹೊರಟೆ. ನೋಡಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. 12 ವೋಲ್ಟ್, 18 ವೋಲ್ಟ್, 20 ವೋಲ್ಟ್ ಮ್ಯಾಕ್ಸ್, 21 ವೋಲ್ಟ್, ಒಂದು ಕಡೆ 48 ವೋಲ್ಟ್ ಅಂತ ಕೂಡ ಇದೆ. ಬ್ರಷ್‌ಲೆಸ್ ಬೇಕಾ? ಹ್ಯಾಮರ್ ಬೇಕಾ? ಟಾರ್ಕ್, ಅಂದರೆ ತಿರುಚುವ ಬಲ, ಎಷ್ಟಿದ್ದರೆ ಸಾಕು?

ನನ್ನ ಕೆಲಸ ಹೇಳುತ್ತೇನೆ. ಮನೆಯ ಹಿಂದೆ ಚಿಕ್ಕ ವರ್ಕ್‌ಶಾಪ್ ಇದೆ. ಪ್ಲೈವುಡ್ ಕಪಾಟು, ಸ್ಟೂಲು, ಶೆಲ್ಫ್ ಮಾಡುತ್ತೇನೆ. ಆಗಾಗ ಕಬ್ಬಿಣದ ಆಂಗಲ್‌ಗೆ ತೂತು ಹೊಡೆಯಬೇಕು, ದಪ್ಪ 5 ಎಂಎಂ ಒಳಗೆ. ಮನೆಯಲ್ಲಿ ಇಟ್ಟಿಗೆ ಗೋಡೆಗೆ ಪ್ಲಗ್ ಹಾಕುವ ಕೆಲಸ. ಅಪರೂಪಕ್ಕೆ ಕಾಂಕ್ರೀಟ್ ಬೀಮ್. ಒಂದೇ ಮಷಿನ್‌ನಲ್ಲಿ ಎಲ್ಲಾ ಮುಗಿಯಬೇಕು ಅಂತ ಆಸೆ.

ಬೈರಿಗೆ

ಸರ್, ಡ್ರಿಲ್ ಆಮೇಲೆ. ಮೊದಲು ಬ್ಯಾಟರಿ ಆರಿಸಿ. ಡ್ರಿಲ್ ಹಾಳಾದರೆ ಬರಿ ಬಾಡಿ ತಗೊಂಡರೆ ಮುಗಿಯಿತು. ಬ್ಯಾಟರಿ, ಚಾರ್ಜರ್ ಹಾಗಲ್ಲ. ನಾಳೆ ಗ್ರೈಂಡರ್, ಜಿಗ್‌ಸಾ, ಸ್ಯಾಂಡರ್ ತಗೊಂಡಾಗ ಅದೇ ಬ್ಯಾಟರಿ ಅದಕ್ಕೂ ಕೂರಬೇಕು. ಈಗ ತಗೊಳ್ಳುವ ಮೊದಲ ಬ್ಯಾಟರಿಯೇ ಮುಂದಿನ ಮಷಿನ್‌ಗಳನ್ನೂ ತೀರ್ಮಾನ ಮಾಡುತ್ತದೆ.

ವೋಲ್ಟ್ ಲೆಕ್ಕ ಸುಲಭ. ಲಿಥಿಯಂ ಅಯಾನ್ ಸೆಲ್ ಒಂದಕ್ಕೆ ಸಾಮಾನ್ಯವಾಗಿ 3.6 ವೋಲ್ಟ್. ಐದು ಸೆಲ್ ಸಾಲಾಗಿ ಜೋಡಿಸಿದರೆ 18. ಪೂರ್ತಿ ಚಾರ್ಜ್ ಆದಾಗ ಪ್ರತಿ ಸೆಲ್ ಸುಮಾರು 4.2ಕ್ಕೆ ಏರುತ್ತದೆ, ಅಲ್ಲಿಗೆ 21. ಅಂದರೆ 18, 20 ಮ್ಯಾಕ್ಸ್, 21 ಮೂರೂ ಅದೇ ಐದು ಸೆಲ್‌ಗಳು. 21 ಅಂತ ಬರೆದದ್ದು 18ಕ್ಕಿಂತ ಬಲಶಾಲಿ ಅಲ್ಲ. ಹಾಗೇ 12 ವೋಲ್ಟ್ ಮ್ಯಾಕ್ಸ್ ಅಂದರೆ ಮೂರು ಸೆಲ್, ನಿಜವಾಗಿ 10.8.

ನೀವು ಹೇಳಿದ ಕೆಲಸಕ್ಕೆ 18 ವೋಲ್ಟ್ ಸರಿ.

ಸ್ಪ್ಯಾನರ್

ಬೈರಿಗೆ ಅವರು ಹೇಳಿದ ಲೆಕ್ಕ ಸರಿ, ತೀರ್ಪು ನನಗೆ ಒಪ್ಪಿಗೆ ಇಲ್ಲ. ಎಲ್ಲರಿಗೂ 18 ವೋಲ್ಟ್ ಕಟ್ಟುವುದು ಒಂದು ಚಟ ಆಗಿಬಿಟ್ಟಿದೆ. ಕಪಾಟು ಮಾಡುವವನಿಗೆ ಅರ್ಧ ದಿನ ಕೈ ಮೇಲೆತ್ತಿ ಸ್ಕ್ರೂ ಹಾಕುವ ಕೆಲಸ ಇರುತ್ತದೆ. 12 ವೋಲ್ಟ್ ಡ್ರಿಲ್ ಬ್ಯಾಟರಿ ಸೇರಿ ಸುಮಾರು ಒಂದು ಕಿಲೋ. 18ರದ್ದು 5 ಎ.ಎಚ್. (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ ಹಾಕಿದರೆ ಎರಡು ಕಿಲೋ ಹತ್ತಿರ ಹೋಗುತ್ತದೆ. ಕಪಾಟಿನ ಒಳಗೆ ತಲೆ ತೂರಿಸಿಕೊಂಡು ಹಿಂಜ್ ಕೂರಿಸುವಾಗ ಆ ಉದ್ದ ಮೂತಿಯ ಮಷಿನ್ ತಿರುಗುವುದೇ ಇಲ್ಲ.

ಮರದಲ್ಲಿ 10 ಎಂಎಂ ತೂತು, 50 ಎಂಎಂ ಸ್ಕ್ರೂ, ಹಿಂಜ್‌ನ 35 ಎಂಎಂ ಗುಂಡಿ, ಆಂಗಲ್‌ನಲ್ಲಿ 6 ಎಂಎಂ ತೂತು, ಎಲ್ಲಾ 12 ವೋಲ್ಟ್‌ನಲ್ಲಿ ಆಗುತ್ತದೆ. ನಾನು ದಿನಾ ಮಾಡುತ್ತೇನೆ.

ಬೈರಿಗೆ

ಆಗುತ್ತದೆ, ಇಲ್ಲ ಅನ್ನಲ್ಲ. ಆದರೆ 8–10 ಎಂಎಂ ತೂತು ಕಬ್ಬಿಣಕ್ಕೆ ಹತ್ತಾರು ಸಲ ಹೊಡೆಯಿರಿ, ಮಷಿನ್ ಬಿಸಿಯಾಗಿ ಕಟ್ ಆಗುತ್ತದೆ. ದೊಡ್ಡ ಗುಂಡಿ ಕೊರೆಯುವ ದುಂಡು ಗರಗಸ, ಹೋಲ್ ಸಾ, ಹಾಕಿದರೆ ಕಥೆ ಮುಗಿಯಿತು. ಮುಂದೆ ಗ್ರೈಂಡರ್ ಬೇಕಾದರೆ 12 ವೋಲ್ಟ್ ಸಾಲಿನಲ್ಲಿ ಸಿಗುವುದು ಪುಟ್ಟ ಡಿಸ್ಕಿನದು. ಇವರು ವರ್ಕ್‌ಶಾಪ್ ಅಂದಿದ್ದಾರೆ ಸ್ವಾಮಿ, ಬರೀ ಫೋಟೋ ನೇತು ಹಾಕುವವರಲ್ಲ.

18ರಲ್ಲಿ 2 ಎ.ಎಚ್. ಬ್ಯಾಟರಿ ಹಾಕಿಕೊಂಡರೆ ತೂಕ ಕಾಲು ಕಿಲೋ ಇಳಿಯುತ್ತದೆ. ಮೇಲೆತ್ತಿ ಹಿಡಿಯುವ ಕೆಲಸಕ್ಕೆ ಅದು, ಬೆಂಚಿನ ಕೆಲಸಕ್ಕೆ ದೊಡ್ಡದು.

ಹೊಸಕೈ

ಇಬ್ಬರಿಗೂ ಥ್ಯಾಂಕ್ಸ್. ಆ 48 ವೋಲ್ಟ್ ಏನು ಹಾಗಾದರೆ? ಎರಡು ಬ್ಯಾಟರಿ, ಸೂಟ್‌ಕೇಸು, ಬಿಟ್‌ಗಳ ರಾಶಿ ಎಲ್ಲಾ ಕೊಡುತ್ತಾರೆ. ಬ್ಯಾಟರಿ ಮೇಲೆ ವೋಲ್ಟ್ ಅಂತ ಇಲ್ಲ, 48 ವಿಎಫ್ ಅಂತ ಇದೆ.

ವೈರ್‌ಮನ್

ಆ ವಿಎಫ್ ಅನ್ನುವುದು ವೋಲ್ಟ್ ಅಲ್ಲವೇ ಅಲ್ಲ. ಯಾವ ಅಳತೆಯೂ ಅಲ್ಲ. 48 ವಿಎಫ್, 88 ವಿಎಫ್, ಇನ್ನೂ ದೊಡ್ಡ ಸಂಖ್ಯೆಗಳೂ ಇವೆ. ಬಿಚ್ಚಿದರೆ ಒಳಗೆ ಸಿಗುವುದು ಸಾಮಾನ್ಯವಾಗಿ ಅದೇ ಐದು ಸೆಲ್. ಎಷ್ಟೋ ಸಲ ಅದೂ ಇರುವುದಿಲ್ಲ.

ಬ್ಯಾಟರಿ ಎಂಥದ್ದು ಅಂತ ತಿಳಿಯಲು ತಕ್ಕಡಿ ಸಾಕು. 18650 ಅನ್ನುವ ಸೆಲ್ ಇದೆ ನೋಡಿ, 18 ಎಂಎಂ ಅಗಲ, 65 ಎಂಎಂ ಉದ್ದ. ಒಂದೊಂದು ಸುಮಾರು 45 ಗ್ರಾಂ. 5 ಎ.ಎಚ್. ಅಂತ ಹೇಳಬೇಕಾದರೆ 2.5 ಎ.ಎಚ್. ಸೆಲ್ ಹತ್ತು ಬೇಕು, ಐದರದ್ದು ಎರಡು ಸಾಲು. ಸೆಲ್ ತೂಕವೇ 450 ಗ್ರಾಂ. ಡಬ್ಬಿ, ಬೋರ್ಡು, ಪಟ್ಟಿ ಸೇರಿ 600 ಗ್ರಾಂ ದಾಟಬೇಕು. ಕೈಗೆ ತಗೊಂಡಾಗ 350 ಗ್ರಾಂ ತೂಗಿದರೆ, ಒಳಗೆ ಒಂದು ಸಾಲು ಇದೆ, ಮಿಕ್ಕಿದ್ದು ಗಾಳಿ.

ಇನ್ನೊಂದು ಆಟ ಇದೆ. ದೊಡ್ಡ ಕಂಪನಿಯ ಮಷಿನ್‌ಗೆ ಕೂರುವ ಹಾಗೆ ಬೇರೆಯವರು ಮಾಡಿದ ಬ್ಯಾಟರಿ. ಕೂರುತ್ತದೆ, ತಿರುಗಿಸುತ್ತದೆ. ಆದರೆ ಒಳಗೆ ಪ್ರತಿ ಸೆಲ್‌ನ ವೋಲ್ಟೇಜ್ ನೋಡುವ ವೈರು, ಬಿಸಿ ನೋಡುವ ಸೆನ್ಸರ್ ಇಲ್ಲದಿರಬಹುದು. ಚಾರ್ಜ್‌ಗೆ ಹಾಕಿ ಮಲಗಿದಾಗ ಅದನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ನಾನಂತೂ ಇಂಥದ್ದನ್ನು ಮನೆಯೊಳಗೆ ಚಾರ್ಜ್ ಮಾಡಲ್ಲ.

ಆರ್ಮೇಚರ್

ತೂಕದ ಪರೀಕ್ಷೆಗೆ ಒಂದು ತಿದ್ದುಪಡಿ. ಈಗ 21700 ಸೆಲ್ ಇರುವ ಬ್ಯಾಟರಿಗಳು ಬರುತ್ತಿವೆ. ಸೆಲ್ ಒಂದಕ್ಕೆ 70 ಗ್ರಾಂ ಆಸುಪಾಸು, ಒಂದೇ ಸಾಲಿನಲ್ಲಿ 4 ಎ.ಎಚ್. ಸಿಗುತ್ತದೆ. ಅದು 600 ಮುಟ್ಟದೇ ಇರಬಹುದು, ಆದರೂ ಅಸಲಿಯೇ. ಆದ್ದರಿಂದ ಎ.ಎಚ್. ಜೊತೆಗೆ ಯಾವ ಸೆಲ್ ಅಂತಲೂ ನೋಡಿಕೊಳ್ಳಿ.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ದೊಡ್ಡ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ ಅಷ್ಟೇ ಅಲ್ಲ, ಅದೇ ಡ್ರಿಲ್‌ಗೆ ಜಾಸ್ತಿ ಬಲವೂ ಬರುತ್ತದೆ. ಭಾರ ಬಿದ್ದಾಗ ಒಂದೇ ಸಾಲಿನ ಸೆಲ್‌ಗಳ ವೋಲ್ಟೇಜ್ ಕುಸಿಯುತ್ತದೆ. ಎರಡು ಸಾಲು ಇದ್ದರೆ ಕರೆಂಟು ಹಂಚಿಕೊಂಡು ಹರಿಯುತ್ತದೆ, ಎರಡು ಪೈಪಿನಲ್ಲಿ ನೀರು ಬಿಟ್ಟ ಹಾಗೆ. ಹೋಲ್ ಸಾ ಹಾಕುವಾಗ 2 ಎ.ಎಚ್.ನಲ್ಲಿ ನಿಂತುಹೋಗುವ ಡ್ರಿಲ್ 5 ಎ.ಎಚ್.ನಲ್ಲಿ ನಿಲ್ಲದೆ ತಿರುಗುವುದನ್ನು ನೋಡಿದ್ದೇನೆ.

ಉಳಿಸುತ್ತಿಗೆ

ನಾನು ಕಾಂಕ್ರೀಟಿಗೆ ಬರುತ್ತೇನೆ, ಜನ ಮೋಸ ಹೋಗುವುದೇ ಇಲ್ಲಿ.

ಹ್ಯಾಮರ್ ಡ್ರಿಲ್ ಅಂತ ಸುತ್ತಿಗೆ ಚಿತ್ರ ಇರುತ್ತದಲ್ವಾ, ಅದರೊಳಗೆ ನಿಜವಾಗಿ ಸುತ್ತಿಗೆ ಇಲ್ಲ. ಹಲ್ಲಿರುವ ಎರಡು ಬಿಲ್ಲೆ ಒಂದರ ಮೇಲೊಂದು ಉಜ್ಜಿ ಕಟಕಟ ಅನ್ನುತ್ತವೆ. ನಿಮಿಷಕ್ಕೆ 25,000ಕ್ಕೂ ಜಾಸ್ತಿ ಏಟು ಅಂತ ಬರೆದಿರುತ್ತಾರೆ. ಏಟು ಬಹಳ, ಒಂದೊಂದು ಏಟಿನಲ್ಲಿ ಬಲ ಕಮ್ಮಿ. ಅದರ ಬಲವೆಲ್ಲಾ ನೀವು ಹಿಂದಿನಿಂದ ಒತ್ತುವುದರಲ್ಲಿ ಬರುತ್ತದೆ. ಇಟ್ಟಿಗೆ, ಬ್ಲಾಕ್‌ಗೆ 6–8 ಎಂಎಂ ತೂತಿಗೆ ಸಾಕು.

ರೋಟರಿ ಹ್ಯಾಮರ್ ಬೇರೆಯೇ ಜಾತಿ. ಅದರಲ್ಲಿ ಪಿಸ್ಟನ್ ಇದೆ, ಗಾಳಿ ಒತ್ತಡದಿಂದ ಹೊಡೆಯುತ್ತದೆ. ಏಟು ನಿಮಿಷಕ್ಕೆ ನಾಲ್ಕೈದು ಸಾವಿರ ಅಷ್ಟೇ, ಆದರೆ ಒಂದೊಂದು ಏಟು ಸುಮಾರು 2 ಜೂಲ್. ಬಿಟ್ ಕೂಡ ಬೇರೆ, ಎಸ್‌ಡಿಎಸ್ ಪ್ಲಸ್. ಹಿಂಭಾಗದಲ್ಲಿ ತೋಡು ಇರುತ್ತದೆ, ಬಿಟ್ ಹಿಡಿಯುವ ಚಕ್‌ನಲ್ಲಿ ಹಿಂದೆ ಮುಂದೆ ಆಡುತ್ತದೆ. ಒತ್ತಲೇ ಬೇಕಿಲ್ಲ, ಹಿಡಿದುಕೊಂಡರೆ ಸಾಕು.

ಗೋಡೆ ಕೊರೆಯುವಾಗ ಬರುವ ಪುಡಿ ನೋಡಿ. ಪ್ಲಾಸ್ಟರ್ ಇರುವ ತನಕ ಬೂದು, ಇಟ್ಟಿಗೆ ಸಿಕ್ಕಿದರೆ ಕೆಂಪು. ಬೂದು ಪುಡಿಯೇ ಬರುತ್ತಿದ್ದು, ಮಷಿನ್ ಕಿರುಚಿಕೊಂಡು, ಬಿಟ್ ಮುಂದೆ ಹೋಗದಿದ್ದರೆ ಕಾಂಕ್ರೀಟ್. ಅಲ್ಲಿಗೆ ನಿಲ್ಲಿಸಿ. ಹಟ ಮಾಡಿದರೆ ಬಿಟ್ ತುದಿಯ ಕಾರ್ಬೈಡ್ ನೀಲಿ ತಿರುಗಿ ಹಾರಿಹೋಗುತ್ತದೆ, ಗೇರ್ ಬಾಕ್ಸ್ ಬಿಸಿಯಾಗುತ್ತದೆ. ಚಕ್ಕನೆ ತಡೆದು ಲೋಹದ ಸದ್ದು ಬಂದರೆ ಒಳಗಿನ ಕಂಬಿ, ಜಾಗ ಬದಲಿಸಿ.

ವರ್ಷಕ್ಕೆ ಒಂದೆರಡು ಸಲ ಬೀಮ್ ಕೊರೆಯುವವರು ರೋಟರಿ ಹ್ಯಾಮರ್ ಬಾಡಿಗೆಗೆ ತರಬೇಕು, ಇಲ್ಲ ಗೆಳೆಯರ ಹತ್ತಿರ ಕೇಳಬೇಕು. ಆ ಅಪರೂಪದ ಕೆಲಸಕ್ಕಾಗಿ ದಿನಬಳಕೆಯ ಡ್ರಿಲ್ ಭಾರ ಮಾಡಿಕೊಳ್ಳಬೇಡಿ.

ಹೊಸಕೈ

ಇದು ಹೊಸ ವಿಷಯ ನನಗೆ. ಅಂದರೆ ಹ್ಯಾಮರ್ ಇಲ್ಲದ್ದು ತಗೊಂಡರೂ ನಡೆಯುತ್ತದಾ?

ಉಳಿಸುತ್ತಿಗೆ

ಇಟ್ಟಿಗೆ ಗೋಡೆ ಇದೆ ಅಂದಿರಲ್ಲ, ಹ್ಯಾಮರ್ ಇರುವುದೇ ತಗೊಳ್ಳಿ. ತೂಕ ಚೂರು ಜಾಸ್ತಿ, ಮೂತಿ ಚೂರು ಉದ್ದ. ಅದಕ್ಕಿಂತ ನಷ್ಟ ಇಲ್ಲ. ಬರೀ ಮರಗೆಲಸದವರಿಗೆ ಮಾತ್ರ ಹ್ಯಾಮರ್ ಬೇಡ ಅಂತೀನಿ.

ಗರಗಸ

ಟಾರ್ಕ್ ಬಗ್ಗೆ ನಾನು ಹೇಳುತ್ತೇನೆ. ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಹಾರ್ಡ್ ಟಾರ್ಕ್, ಅಂದರೆ ಬಿಗಿಯಾಗಿ ಗಕ್ಕನೆ ನಿಂತ ಕ್ಷಣದ ಲೆಕ್ಕ. ಮರದಲ್ಲಿ ಸ್ಕ್ರೂ ಇಳಿಯುವಾಗ ಬೇಕಾಗುವುದು ಸಾಫ್ಟ್ ಟಾರ್ಕ್. ಅದು ಹೆಚ್ಚುಕಮ್ಮಿ ಅರ್ಧ ಇರುತ್ತದೆ. ಉದಾಹರಣೆಗೆ ಬಾಷ್‌ನ ಜಿಎಸ್‌ಆರ್ 18ವಿ-55 ನೋಡಿ, ಹಾರ್ಡ್ 55 ನ್ಯೂಟನ್ ಮೀಟರ್, ಸಾಫ್ಟ್ 28. ಎರಡೂ ಸಂಖ್ಯೆ ಬರೆಯುವ ಕಂಪನಿ ಇದ್ದರೆ ನನಗೆ ಸ್ವಲ್ಪ ನಂಬಿಕೆ ಬರುತ್ತದೆ. ಒಂದೇ ಸಂಖ್ಯೆ ಕೊಟ್ಟು, ಅದೂ ಯದ್ವಾತದ್ವಾ ದೊಡ್ಡದಿದ್ದರೆ ನಾನು ಮುಂದಕ್ಕೆ ಹೋಗುತ್ತೇನೆ. ಮನೆ ಮತ್ತು ಸಣ್ಣ ವರ್ಕ್‌ಶಾಪ್‌ಗೆ ಹಾರ್ಡ್ 50–60 ಧಾರಾಳ ಆಯಿತು.

ನೂರರ ಮೇಲೆ ಇರುವ ಡ್ರಿಲ್ ಕೈ ತಿರುಚುತ್ತದೆ, ನೆನಪಿರಲಿ. ಬಿಟ್ ಸಿಕ್ಕಿಹಾಕಿಕೊಂಡರೆ ಚಕ್ ನಿಲ್ಲುತ್ತದೆ, ಮಷಿನ್ ತಿರುಗುತ್ತದೆ, ಜೊತೆಗೆ ನಿಮ್ಮ ಮಣಿಕಟ್ಟು. ಅಂಥದ್ದಕ್ಕೆ ಪಕ್ಕದ ಹಿಡಿ ಹಾಕದೆ ಕೈ ಹಾಕಬೇಡಿ.

ಇನ್ನು ಅಂಗಡಿಯಲ್ಲಿ ಕೈಗೆ ಕೊಟ್ಟಾಗ ನೋಡಬೇಕಾದದ್ದು. ಒಂದು ನೆಟ್ಟಗಿನ ಹೊಸ ಬಿಟ್ ಚಕ್‌ಗೆ ಹಾಕಿಸಿ, 6 ಎಂಎಂದು ಸಾಕು. ಟ್ರಿಗರ್ ನಿಧಾನಕ್ಕೆ ಎಳೆಯಿರಿ. ಬಿಟ್ ತುದಿ ಒಂದೇ ಚುಕ್ಕೆಯಾಗಿ ನಿಂತ ಹಾಗೆ ಕಾಣಬೇಕು. ಸಣ್ಣ ವೃತ್ತ ಬರೆಯುತ್ತಿದ್ದರೆ ಚಕ್ ಅಥವಾ ಸ್ಪಿಂಡಲ್ ಸರಿ ಇಲ್ಲ. ಬಿಟ್ ಬಿಚ್ಚಿ, ತಿರುಗಿಸಿ ಮತ್ತೆ ಹಾಕಿ ನೋಡಿ. ಆಗಲೂ ಹಾಗೇ ಅಂದರೆ ಬೇರೆ ಪೀಸ್ ಕೇಳಿ, ಸಂಕೋಚ ಬೇಡ.

ಟ್ರಿಗರ್‌ನ ಮೊದಲ ಎಳೆತವೇ ನನಗೆ ಮುಖ್ಯ. ಬೆರಳು ಚೂರು ಒತ್ತಿದಾಗ ಚಕ್ ತೆವಳುವ ಹಾಗೆ ತಿರುಗಬೇಕು. ಒಮ್ಮೆಲೇ ಗುರ್ ಅಂತ ಓಡಿದರೆ ಸ್ಕ್ರೂ ತಲೆ ಹಾಳಾಗುವುದು ಗ್ಯಾರಂಟಿ.

ಸ್ಪ್ಯಾನರ್

ಗರಗಸ ಮೇಡಂ ಹೇಳಿದ್ದಕ್ಕೆ ನೂರಕ್ಕೆ ನೂರು. ಕ್ಲಚ್ ರಿಂಗ್, ಅಂದರೆ ಎಷ್ಟು ಬಲಕ್ಕೆ ಚಕ್ ಬಿಟ್ಟುಕೊಡಬೇಕು ಅಂತ ಗೊತ್ತುಮಾಡುವ ಸಂಖ್ಯೆಗಳಿರುವ ಬಳೆ, ಅದನ್ನೂ ತಿರುಗಿಸಿ ನೋಡಿ. 1ಕ್ಕೆ ಇಟ್ಟು ಚಕ್ ಅನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಓಡಿಸಿ, ಟಕಟಕ ಅಂತ ಬಿಟ್ಟುಕೊಡಬೇಕು. ಎಷ್ಟೋ ಅಗ್ಗದ ಡ್ರಿಲ್‌ಗಳಲ್ಲಿ 1ಕ್ಕೂ 10ಕ್ಕೂ ವ್ಯತ್ಯಾಸವೇ ಇರಲ್ಲ. ಪ್ಲೈವುಡ್‌ಗೆ ಹಿಂಜ್ ಸ್ಕ್ರೂ ಹಾಕುವಾಗ ಕ್ಲಚ್ ಸರಿ ಇಲ್ಲದಿದ್ದರೆ ಸ್ಕ್ರೂ ಒಳಗೇ ತಿರುಗಿ ತೂತು ಸಡಿಲ.

ಹಳೇಕೇಬಲ್

ನನ್ನದೊಂದು ತಕರಾರು. ಬೆಂಚಿನ ಮೇಲಿನ ಕೆಲಸಕ್ಕೆ ವೈರಿನ ಡ್ರಿಲ್ ಯಾಕೆ ಬೇಡ? ಪ್ಲಗ್ ಪಾಯಿಂಟ್ ಪಕ್ಕದಲ್ಲೇ ಇದೆ. ಅದಕ್ಕೆ ಬ್ಯಾಟರಿ ಸಾಯುವ ಚಿಂತೆ ಇಲ್ಲ. ಲಿಥಿಯಂ ಬ್ಯಾಟರಿ ಬಳಸಿದರೂ ಹಳೆಯದಾಗುತ್ತದೆ, ಸುಮ್ನೆ ಇಟ್ಟರೂ ಹಳೆಯದಾಗುತ್ತದೆ. ವರ್ಷಕ್ಕೆ ನಾಲ್ಕು ತೂತು ಹೊಡೆಯುವವರು ಕಾರ್ಡ್‌ಲೆಸ್ ತಗೊಂಡು ಪ್ರತಿ ಸಲ ಸತ್ತ ಬ್ಯಾಟರಿ ಹಿಡಿದುಕೊಂಡು ನಿಲ್ಲುವುದನ್ನು ನೋಡಿ ನೋಡಿ ಸಾಕಾಗಿದೆ.

ಬಣ್ಣ ಕಲಸಲು, ಗಾರೆ ಕಲಸಲು ಕಾರ್ಡ್‌ಲೆಸ್ ಬಳಸುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ನಿಧಾನಕ್ಕೆ ತಿರುಗುತ್ತಾ ಬಹಳ ಹೊತ್ತು ಭಾರ ಎಳೆದರೆ ಫ್ಯಾನ್‌ಗೂ ಗಾಳಿ ಇಲ್ಲ, ಮೋಟಾರ್ ಸುಡುತ್ತದೆ.

ಬೈರಿಗೆ

ಒಪ್ಪಿದೆ. ಆದರೆ ಇವರ ಕೆಲಸ ನಾಲ್ಕು ತೂತಿನದ್ದಲ್ಲ. ವೈರಿನ ಡ್ರಿಲ್‌ನಲ್ಲಿ ಸಾಮಾನ್ಯವಾಗಿ ಕ್ಲಚ್ ಇರಲ್ಲ, ಸ್ಕ್ರೂ ಕೆಲಸಕ್ಕೆ ಅದು ಒರಟು. ಎರಡೂ ಇದ್ದರೆ ಚೆನ್ನ, ಒಂದೇ ಅಂದರೆ ಕಾರ್ಡ್‌ಲೆಸ್.

ಹೊಸಕೈ

ಬ್ರಷ್‌ಲೆಸ್ ಪ್ರಶ್ನೆ ಉಳಿಯಿತು.

ಆರ್ಮೇಚರ್

ಬ್ರಷ್ ಇರುವ ಮೋಟಾರಿನಲ್ಲಿ ಎರಡು ಕಾರ್ಬನ್ ತುಂಡು ತಿರುಗುವ ಭಾಗದ ತಾಮ್ರದ ಪಟ್ಟಿಗಳ (ಕಮ್ಯುಟೇಟರ್) ಮೇಲೆ ಉಜ್ಜುತ್ತಾ ಕರೆಂಟ್ ಕೊಡುತ್ತವೆ. ಸವೆಯುತ್ತವೆ, ಕಿಡಿ ಬರುತ್ತದೆ, ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ. ಬ್ರಷ್‌ಲೆಸ್‌ನಲ್ಲಿ ಆ ಕೆಲಸ ಎಲೆಕ್ಟ್ರಾನಿಕ್ ಬೋರ್ಡ್ ಮಾಡುತ್ತದೆ. ಅದೇ ಬ್ಯಾಟರಿಯಲ್ಲಿ ಹೆಚ್ಚು ತೂತು, ಮೋಟಾರ್ ಗಿಡ್ಡ, ಮಷಿನ್ ಗಿಡ್ಡ. ವಾರಕ್ಕೆ ಮೂರ್ನಾಲ್ಕು ದಿನ ಬಳಸುವವರಿಗೆ ಬ್ರಷ್‌ಲೆಸ್.

ಆದರೆ ರಿಪೇರಿ ಮಾಡುವವನಾಗಿ ಇನ್ನೊಂದು ಮಾತು. ಕಾರ್ಬನ್ ಸವೆದರೆ ಹೊರಗಿನಿಂದ ಬದಲಿಸುವ ಡ್ರಿಲ್‌ಗಳಲ್ಲಿ ಐದು ನಿಮಿಷದ ಕೆಲಸ. ಬ್ರಷ್‌ಲೆಸ್ ಬೋರ್ಡ್ ಹೋದರೆ ಸ್ವಿಚ್, ಬೋರ್ಡ್, ಕೆಲವದರಲ್ಲಿ ಮೋಟಾರ್ ಕೂಡ ಸೇರಿ ಒಂದೇ ಪೀಸ್. ಬಿಡಿಭಾಗದ ಬೆಲೆ ಕೇಳಿದವರು ಹೊಸ ಬಾಡಿಯೇ ತಗೊಂಡು ಹೋಗುತ್ತಾರೆ. ನನ್ನ ಬೆಂಚಿಗೆ ಬರುವ ಡ್ರಿಲ್‌ಗಳಲ್ಲಿ ಮೋಟಾರ್ ಹೋದದ್ದಕ್ಕಿಂತ ಚಕ್, ಸ್ವಿಚ್, ಗೇರ್ ಸೆಲೆಕ್ಟರ್ ಹೋದದ್ದೇ ಜಾಸ್ತಿ. ಓಡುತ್ತಿರುವಾಗಲೇ ಗೇರ್ ಸ್ಲೈಡರ್ ತಳ್ಳುತ್ತಾರೆ, ಹಲ್ಲು ಉದುರುತ್ತವೆ.

ಸ್ಪ್ಯಾನರ್

ನನಗೆ ಬ್ರಷ್ ಇರುವುದೇ ಇಷ್ಟ, ಹಟಕ್ಕೆ ಅಂದುಕೊಳ್ಳಿ. ಒಂದು ಒಳ್ಳೆ ಬ್ರಷ್ ಡ್ರಿಲ್, ಉಳಿದ ದುಡ್ಡಿಗೆ ಒಳ್ಳೆ ಬಿಟ್‌ಗಳು. ಮಂಕಾದ ಬಿಟ್ ಹಾಕಿಕೊಂಡು ಬ್ರಷ್‌ಲೆಸ್ ಓಡಿಸುವವನಿಗಿಂತ ನಾನೇ ಮೊದಲು ಮುಗಿಸುತ್ತೇನೆ.

ವೈರ್‌ಮನ್

ಬ್ಯಾಟರಿ ಸಾಲಿನ ಬಗ್ಗೆ ಒಂದು ಎಚ್ಚರಿಕೆ. ಒಂದೇ ಕಂಪನಿ ಅಂದ ಮಾತ್ರಕ್ಕೆ ಎಲ್ಲಾ ಬ್ಯಾಟರಿ ಎಲ್ಲದಕ್ಕೂ ಕೂರಲ್ಲ. ಬಾಷ್‌ನ ಹಸಿರು ಬಣ್ಣದ ಮನೆಬಳಕೆ 18 ವೋಲ್ಟ್, ನೀಲಿ ಬಣ್ಣದ ಪ್ರೊಫೆಷನಲ್ 18 ವೋಲ್ಟ್ ಬೇರೆ ಬೇರೆ. ಮಕಿಟಾದಲ್ಲಿ 18 ವೋಲ್ಟ್ ಎಲ್‌ಎಕ್ಸ್‌ಟಿ ಇದೆ, ಜೊತೆಗೆ ಜಿ ಸೀರೀಸ್ ಅಂತ ಮನೆಬಳಕೆಯ 18 ವೋಲ್ಟ್ ಕೂಡ ಇದೆ, ಅದೂ ಇದಕ್ಕೆ ಆಗಲ್ಲ. 40 ವೋಲ್ಟ್ ಎಕ್ಸ್‌ಜಿಟಿ ಮೂರನೇದು. ಡಿವಾಲ್ಟ್‌ನ ಫ್ಲೆಕ್ಸ್‌ವೋಲ್ಟ್ ಮಾತ್ರ ಉಲ್ಟಾ: ದೊಡ್ಡ ಬ್ಯಾಟರಿ ಅವರ 18 ವೋಲ್ಟ್ ಮಷಿನ್‌ಗೂ ಕೂರುತ್ತದೆ.

ಸಾಲು ಎಷ್ಟು ವರ್ಷದಿಂದ ಇದೆ ಅಂತಲೂ ನೋಡಿ. ರಿಯೋಬಿ ಒನ್ ಪ್ಲಸ್ 1996ರಿಂದ ಅದೇ ಕೂರುವಿಕೆ ಇಟ್ಟುಕೊಂಡಿದೆ. ಮಕಿಟಾ ಎಲ್‌ಎಕ್ಸ್‌ಟಿ 2005ರಿಂದ ಇದೆ. ಹೊಸದಾಗಿ ಬಂದ ಹೆಸರಿಲ್ಲದ ಸಾಲಿಗೆ ಎರಡು ವರ್ಷ ಬಿಟ್ಟು ಬ್ಯಾಟರಿ ಕೇಳಿದರೆ ಆ ಮಾಡೆಲ್ಲೇ ಇರಲ್ಲ.

ಚಾರ್ಜರ್ ಕೂಡ ನೋಡಿ. ಬ್ಯಾಟರಿಯ ಎ.ಎಚ್. ಅನ್ನು ಚಾರ್ಜರ್‌ನ ಆಂಪಿಯರ್‌ನಿಂದ ಭಾಗಿಸಿದರೆ ಹೆಚ್ಚುಕಮ್ಮಿ ಗಂಟೆ ಬರುತ್ತದೆ. 4 ಎ.ಎಚ್. ಬ್ಯಾಟರಿಗೆ ಅರ್ಧ ಆಂಪಿಯರ್ ಚಾರ್ಜರ್ ಕೊಟ್ಟರೆ ಎಂಟು ಗಂಟೆ ಕಾಯಬೇಕು.

ಹೊಸಕೈ

ಸರಿ, ಒಂದು ಹಂತಕ್ಕೆ ಬಂದೆ. 18 ವೋಲ್ಟ್, ಹ್ಯಾಮರ್ ಇರುವುದು, 13 ಎಂಎಂ ಲೋಹದ ಚಕ್, ಟಾರ್ಕ್ 55 ಆಸುಪಾಸು. 2 ಎ.ಎಚ್. ಒಂದು, ಮುಂದೆ 5 ಎ.ಎಚ್. ಒಂದು. ಬೀಮ್‌ಗೆ ರೋಟರಿ ಹ್ಯಾಮರ್ ಬಾಡಿಗೆಗೆ. ಬ್ರಷ್‌ಲೆಸ್ ಬೇಕೋ ಬೇಡವೋ ಕೈಗೆ ತಗೊಂಡು ನೋಡಿ ತೀರ್ಮಾನ ಮಾಡುತ್ತೇನೆ.

ಎರಡು ಪ್ರಶ್ನೆ ಬಾಕಿ. ಬ್ಯಾಟರಿ ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಬೇಕು ಅಂತಾರೆ, ನಿಜವಾ? ಆಂಗಲ್ ಕೊರೆಯುವಾಗ ನನ್ನ ಬಿಟ್‌ಗಳು ಬೇಗ ಮೊಂಡಾಗುತ್ತವೆ, ಯಾಕೆ?

ಆರ್ಮೇಚರ್

ಮೊದಲನೆಯದು ಹಳೇ ನಿಕಲ್ ಕ್ಯಾಡ್ಮಿಯಂ ಕಾಲದ ಮಾತು. ಲಿಥಿಯಂಗೆ ಪೂರ್ತಿ ಖಾಲಿ ಮಾಡುವುದೇ ಕೆಟ್ಟದ್ದು. ಬಲ ಇಳಿದ ಹಾಗೆ ಅನಿಸಿದ ತಕ್ಷಣ ಚಾರ್ಜ್‌ಗೆ ಹಾಕಿ. ಕೆಲಸ ಮುಗಿಸಿದ ಬಿಸಿ ಬ್ಯಾಟರಿಯನ್ನು ಹಾಗೇ ಚಾರ್ಜರ್‌ಗೆ ಸಿಕ್ಕಿಸಬೇಡಿ, ತಣ್ಣಗಾಗಲಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವ ಹಾಗೇ ಇಲ್ಲ. ತಿಂಗಳುಗಟ್ಟಲೆ ಇಡುವುದಾದರೆ ಅರ್ಧ ಚಾರ್ಜ್‌ನಲ್ಲಿ, ತಂಪು ಜಾಗದಲ್ಲಿ, ಮಷಿನ್‌ನಿಂದ ಬಿಚ್ಚಿ ಇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡುವುದು ಬ್ಯಾಟರಿ ಕೊಲ್ಲುವ ಸುಲಭ ದಾರಿ. ಖಾಲಿ ಮಾಡಿ ಮರೆತುಬಿಟ್ಟರೆ ವೋಲ್ಟೇಜ್ ತೀರಾ ಕೆಳಗಿಳಿದು, ಆಮೇಲೆ ಚಾರ್ಜರ್ ಕೆಂಪು ದೀಪ ತೋರಿಸಿ ಒಲ್ಲೆ ಅನ್ನುತ್ತದೆ.

ಗರಗಸ

ಎರಡನೆಯದಕ್ಕೆ ನಾನು. ನೀವು ಜೋರಾಗಿ ಓಡಿಸುತ್ತಿದ್ದೀರಿ ಅನಿಸುತ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್‌ಗೆ ಸಾಮಾನ್ಯ ಕಬ್ಬಿಣದಲ್ಲಿ 3 ಎಂಎಂ ಇದ್ದರೆ 2,500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ತನಕ ನಡೆಯುತ್ತದೆ. 10 ಎಂಎಂಗೆ 800 ದಾಟಬಾರದು. ಎರಡನೇ ಗೇರಿನಲ್ಲಿ ಟ್ರಿಗರ್ ಪೂರ್ತಿ ಎಳೆದರೆ 10 ಎಂಎಂ ಬಿಟ್‌ನ ಅಂಚು ನೀಲಿ ತಿರುಗುತ್ತದೆ, ಅಲ್ಲಿಗೆ ಹರಿತ ಹೋಯಿತು. ಮೊದಲು ಸೆಂಟರ್ ಪಂಚ್‌ನಿಂದ ಗುರುತು. ಆಮೇಲೆ 3 ಅಥವಾ 4 ಎಂಎಂ ತೂತು. ಅದರ ಮೇಲೆ ದೊಡ್ಡ ಬಿಟ್, ಒಂದನೇ ಗೇರ್, ಎರಡು ಹನಿ ಎಣ್ಣೆ, ಗಟ್ಟಿ ಒತ್ತಡ. ಪುಡಿ ಬರಬಾರದು, ಸುರುಳಿ ಬರಬೇಕು. ಸ್ಟೇನ್‌ಲೆಸ್ ಆದರೆ ಇನ್ನೂ ನಿಧಾನ. ಒತ್ತದೆ ಸುಮ್ನೆ ಉಜ್ಜಿದರೆ ಅದು ಗಟ್ಟಿಯಾಗಿ ಕೂತುಬಿಡುತ್ತದೆ.

ಆಂಗಲ್ ಅನ್ನು ವೈಸ್‌ನಲ್ಲಿ ಕಟ್ಟಿ. ಬಿಟ್ ಆಚೆ ಹೊರಡುವ ಹೊತ್ತಿಗೆ ಒತ್ತಡ ಸಡಿಲಿಸಿ, ಸಿಕ್ಕಿಹಾಕಿಕೊಳ್ಳುವುದು ಯಾವಾಗಲೂ ಅಲ್ಲೇ. ಕೈಗವಸು ಬೇಡ, ತಿರುಗುವ ಬಿಟ್ ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಕನ್ನಡಕ ಬೇಕೇ ಬೇಕು.

ಆರ್ಮೇಚರ್

ಲೋಹದ ಚಕ್ ಅಂದಿರಲ್ಲ, ಇದೂ ತಿಳಿದಿರಲಿ. ಬಳಸುತ್ತಾ ಬಳಸುತ್ತಾ ಚಕ್ ಅಲ್ಲಾಡಲು ಶುರುವಾದರೆ ಮಷಿನ್ ಹೋಯಿತು ಅಂದುಕೊಳ್ಳಬೇಡಿ. ಚಕ್‌ನ ಹಲ್ಲು ಪೂರ್ತಿ ತೆರೆದು ಟಾರ್ಚ್ ಬಿಟ್ಟು ನೋಡಿ, ತಳದಲ್ಲಿ ಒಂದು ಸ್ಕ್ರೂ ಇರುತ್ತದೆ. ಸಾಮಾನ್ಯವಾಗಿ ಅದು ಎಡಗೈ ಥ್ರೆಡ್‌ನದು, ಅಂದರೆ ಉಲ್ಟಾ ಸುತ್ತಿನದು. ಟ್ರಿಗರ್ ಬಿಟ್ಟಾಗ ಮೋಟಾರ್ ಗಕ್ಕನೆ ಬ್ರೇಕ್ ಹಾಕುತ್ತದಲ್ವಾ, ಆಗ ಚಕ್ ಬಿಚ್ಚಿಕೊಳ್ಳದಿರಲಿ ಅಂತ ಆ ಏರ್ಪಾಡು. ಬಿಗಿ ಮಾಡಲು ಎಡಕ್ಕೆ ತಿರುಗಿಸಬೇಕು. ಬಿಚ್ಚಲು ಹೋಗಿ ಎಡಕ್ಕೆ ತಿರುಗಿಸಿ ತಲೆ ಮುರಿದುಕೊಂಡು ಬರುವವರು ಬಹಳ ಜನ. ಬ್ಯಾಟರಿ ಮೊದಲು ತೆಗೆಯಿರಿ.